ನ್ಯೂಯೊರಿಕನ್ ಪೊಯೆಟ್ಸ್ ಕೆಫೆ

ನ್ಯೂಯಾರ್ಕ್ ನಗರದ ಲೋಯರ್ ಈಸ್ಟ್ ಸೈಡ್ ಬಡಾವಣೆಯ ಹೆಸರಾಂತ ಕಾವ್ಯವಾಚನ ಕೇಂದ್ರ. 1973ರ ಸುಮಾರಿಗೆ ಮಿಗೆಲ್ ಅಲ್ಗರೀನ್ ಎಂಬ ಕವಿಯ ಮನೆಯಲ್ಲಿ ಶುರುವಾಯಿತು. ಹೆಸರು ಬರೆಸಿದ ಯಾರು ಬೇಕಾದರೂ ವೇದಿಕೆ ಹತ್ತಿ ತಮ್ಮ ಕವಿತೆ ಓದುವ 'ಓಪನ್ ಮೈಕ್' ಪದ್ಧತಿ ಅಮೆರಿಕದಲ್ಲಿ ಬೇರೂರಿದ ಜಾಗಗಳಲ್ಲಿ ಇದು ಮುಖ್ಯವಾದದ್ದು.

ನಮ್ಮ ಕವಿಗೋಷ್ಠಿಯೊಂದಿಗೆ ಇಟ್ಟು ನೋಡಿದರೆ ಓಪನ್ ಮೈಕಿನ ಸ್ವರೂಪ ಬೇಗ ತಿಳಿಯುತ್ತದೆ. ಕವಿಗೋಷ್ಠಿಯಲ್ಲಿ ಯಾರು ಓದುತ್ತಾರೆಂಬುದು ಆಹ್ವಾನ ಪತ್ರಿಕೆ ಅಚ್ಚಾದಾಗಲೇ ತೀರ್ಮಾನವಾಗಿರುತ್ತದೆ. ಅಧ್ಯಕ್ಷರು, ಆಶಯ ಭಾಷಣ, ಹಾರ, ಶಾಲು ಎಲ್ಲಕ್ಕೂ ಒಂದು ಕ್ರಮವಿರುತ್ತದೆ. ಓಪನ್ ಮೈಕಿನಲ್ಲಿ ಬಾಗಿಲ ಬಳಿ ಒಂದು ಹಾಳೆ, ಒಂದು ಪೆನ್ನು. ಹೆಸರು ಬರೆದವರ ಸರದಿ ಬಂದಾಗ ನಿರೂಪಕರು ಕೂಗುತ್ತಾರೆ. ಪುಸ್ತಕ ಬಂದಿದೆಯೇ, ಯಾವ ಪ್ರಶಸ್ತಿ ಸಿಕ್ಕಿದೆ ಎಂದು ಯಾರೂ ವಿಚಾರಿಸುವುದಿಲ್ಲ. ಈ ಕೆಫೆಯ ಇತಿಹಾಸವನ್ನು ಆ ಹಾಳೆಯ ಇತಿಹಾಸವೆಂದೇ ಓದಬೇಕು.

'ನ್ಯೂಯೊರಿಕನ್' ಎಂದರೆ ನ್ಯೂಯಾರ್ಕಿನ ಪೋರ್ಟೊ ರಿಕನ್. ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಜನರಿಗೆ 1917ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತ್ತು. ಎರಡನೆಯ ಮಹಾಯುದ್ಧದ ನಂತರ ಅವರಲ್ಲಿ ಲಕ್ಷಾಂತರ ಮಂದಿ ಕೂಲಿ ಹುಡುಕಿಕೊಂಡು ನ್ಯೂಯಾರ್ಕಿಗೆ ಬಂದರು. ಅಲ್ಲೇ ಬೆಳೆದ ಅವರ ಮಕ್ಕಳು ಮನೆಯಲ್ಲಿ ಸ್ಪ್ಯಾನಿಷ್, ಬೀದಿಯಲ್ಲಿ ಇಂಗ್ಲಿಷ್ ಆಡುತ್ತ, ಎರಡೂ ಬೆರೆತ ಮೂರನೆಯ ಮಾತೊಂದನ್ನು ಕಟ್ಟಿಕೊಂಡರು. ಅಮೆರಿಕನ್ನರಿಗೆ ಇವರು ಹೊರಗಿನವರು, ದ್ವೀಪದವರಿಗೆ ಭಾಷೆ ಕೆಟ್ಟವರು. ದ್ವೀಪದವರ ಬಾಯಲ್ಲಿ 'ನ್ಯೂಯೊರಿಕನ್' ಮೂದಲಿಕೆಯ ಮಾತಾಗಿತ್ತು. ಅಲ್ಗರೀನ್ ಮತ್ತು ಅವರ ಗೆಳೆಯರು ಆ ಮೂದಲಿಕೆಯನ್ನೇ ಎತ್ತಿಕೊಂಡು ಹೆಸರಾಗಿ ಇಟ್ಟುಕೊಂಡರು.

1970ರ ದಶಕದ ಲೋಯರ್ ಈಸ್ಟ್ ಸೈಡ್ ಸೊರಗಿದ ಬಡಾವಣೆ. ಬಾಡಿಗೆ ಹುಟ್ಟದ ಕಟ್ಟಡಗಳನ್ನು ಮಾಲೀಕರು ಕೈಬಿಟ್ಟು ಹೋಗುತ್ತಿದ್ದರು; ವಿಮೆಯ ಹಣಕ್ಕಾಗಿ ಬೆಂಕಿಯಿಡಿಸುವುದೂ ಇತ್ತು. ಇಂಥ ಜಾಗವನ್ನು ಅಲ್ಲಿನ ಪೋರ್ಟೊ ರಿಕನ್ನರು ತಮ್ಮ ಉಚ್ಚಾರಣೆಯಲ್ಲಿ 'ಲೊಯ್ಸೈದ' ಎಂದು ಕರೆದರು. ಆ ಹೆಸರನ್ನು ಕವಿತೆಯಲ್ಲಿ ಹಾಡಿ ನೆಲೆಗೊಳಿಸಿದವರು ಕೆಫೆಯ ಸ್ಥಾಪಕರಲ್ಲೊಬ್ಬರಾದ ಬಿಂಬೊ ರಿವಾಸ್. ಮುಂದೆ ಅಲ್ಲಿನ ಅವೆನ್ಯೂ ಸಿ ರಸ್ತೆಗೆ ನಗರಾಡಳಿತವೇ ಲೊಯ್ಸೈದ ಅವೆನ್ಯೂ ಎಂಬ ಹೆಸರನ್ನೂ ಕೊಟ್ಟಿತು. ಬೀದಿಯ ಕವಿಯ ಮಾತು ಬೀದಿಯ ಫಲಕಕ್ಕೆ ಏರಿದ್ದು ಸಣ್ಣ ಸಂಗತಿಯಲ್ಲ.

ಅಲ್ಗರೀನ್ (1941–2020) ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಶೇಕ್ಸ್‌ಪಿಯರ್ ಪಾಠ ಮಾಡುತ್ತಿದ್ದ ಪ್ರಾಧ್ಯಾಪಕರು. ಅವರ ಆಪ್ತ ಮಿಗೆಲ್ ಪಿನ್ಯೆರೊ (1946–1988) ಸೆರೆಮನೆ ಕಂಡು ಬಂದವರು. ಸಿಂಗ್ ಸಿಂಗ್ ಜೈಲಿನಲ್ಲಿದ್ದಾಗ ಬರೆದ 'ಶಾರ್ಟ್ ಐಸ್' ನಾಟಕ 1974ರಲ್ಲಿ ರಂಗವೇರಿ ನ್ಯೂಯಾರ್ಕ್ ನಾಟಕ ವಿಮರ್ಶಕರ ಪ್ರಶಸ್ತಿ ಪಡೆಯಿತು. ಒಬ್ಬರು ತರಗತಿಯಿಂದ, ಇನ್ನೊಬ್ಬರು ಸೆರೆಯಿಂದ ಬಂದು ಒಂದೇ ಕೋಣೆಯಲ್ಲಿ ಸಮನಾಗಿ ಕೂತು ಓದಿದ್ದರಲ್ಲಿ ಈ ಸಂಸ್ಥೆಯ ಸ್ವಭಾವವೆಲ್ಲ ಅಡಗಿದೆ. ಅದೇ ಬಳಗದ ಪೆದ್ರೊ ಪಿಯೆತ್ರಿ ವಿಯೆಟ್ನಾಂ ಯುದ್ಧದಿಂದ ಮರಳಿದವರು. ದುಡಿದು ದುಡಿದು ಸತ್ತ ವಲಸಿಗರ ಬಗೆಗಿನ ತಮ್ಮ ನೀಳ್ಗವಿತೆ 'ಪೋರ್ಟೊ ರಿಕನ್ ಒಬಿಚುಅರಿ'ಯನ್ನು ಅವರು 1969ರಲ್ಲಿ ಯಂಗ್ ಲಾರ್ಡ್ಸ್ ಎಂಬ ಹೋರಾಟದ ಸಂಘಟನೆಯ ಸಭೆಯಲ್ಲಿ ಓದಿದ್ದರು. ಪುಸ್ತಕವಾಗಿ ಅದು ಬಂದದ್ದು 1973ರಲ್ಲಿ. ಈ ಕಾವ್ಯ ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ.

ಮನೆಯ ಕೋಣೆ ಸಾಲದಾದಾಗ, 1975ರಲ್ಲಿ ಪೂರ್ವ 6ನೇ ಬೀದಿಯಲ್ಲಿದ್ದ ಒಂದು ಐರಿಷ್ ಬಾರನ್ನು ಬಾಡಿಗೆಗೆ ಹಿಡಿದರು. ಅದೇ ವರ್ಷ ಅಲ್ಗರೀನ್ ಮತ್ತು ಪಿನ್ಯೆರೊ ಸಂಪಾದಿಸಿದ 'ನ್ಯೂಯೊರಿಕನ್ ಪೊಯೆಟ್ರಿ' ಸಂಕಲನವೂ ಹೊರಬಂತು. 1980ರ ದಶಕದ ಆರಂಭದಲ್ಲಿ ಪೂರ್ವ 3ನೇ ಬೀದಿಯ 236ನೇ ನಂಬರಿನ ಕಟ್ಟಡವನ್ನು ಕೊಂಡರು. ಆದರೆ ಕೊಂಡ ಮೇಲೆ ಕೆಲವು ವರ್ಷ ಬಾಗಿಲು ಮುಚ್ಚಿಯೇ ಇತ್ತು. 1988ರಲ್ಲಿ ಪಿನ್ಯೆರೊ ತೀರಿಕೊಂಡರು. ಗೆಳೆಯನ ಸಾವಿನ ನೋವಿನಲ್ಲೇ ಕೆಫೆಯನ್ನು ಮತ್ತೆ ತೆರೆಯಬೇಕೆಂಬ ಮಾತು ಗಟ್ಟಿಯಾಯಿತು. ಕವಿ ಬಾಬ್ ಹೋಲ್ಮನ್ ಜೊತೆಗೂಡಿದರು. 1989ರಲ್ಲಿ ಬಾಗಿಲು ತೆರೆಯಿತು.

ತೆರೆದದ್ದು ಹೊಸದೊಂದು ಆಟದೊಂದಿಗೆ. ಶಿಕಾಗೋದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಎಂಬ ಕವಿ 1986ರಲ್ಲಿ ಗ್ರೀನ್ ಮಿಲ್ ಎಂಬ ಹಳೆಯ ಜಾಝ್ ಕ್ಲಬ್ಬಿನಲ್ಲಿ 'ಪೊಯೆಟ್ರಿ ಸ್ಲ್ಯಾಮ್' ಎಂಬ ಕಾವ್ಯಸ್ಪರ್ಧೆ ಶುರುಮಾಡಿದ್ದರು. ಹೋಲ್ಮನ್ ಅದನ್ನು ನ್ಯೂಯಾರ್ಕಿಗೆ ತಂದರು. ಸ್ಲ್ಯಾಮಿನ ನಿಯಮಗಳು ಸರಳ. ಸಭಿಕರಲ್ಲೇ 5 ಮಂದಿಯನ್ನು ಆರಿಸಿ ತೀರ್ಪುಗಾರರನ್ನಾಗಿ ಮಾಡುತ್ತಾರೆ. ಕವಿಗೆ 3 ನಿಮಿಷ, ಮೇಲೆ 10 ಸೆಕೆಂಡಿನ ರಿಯಾಯಿತಿ. ಮೀರಿದರೆ ಅಂಕ ಕಡಿತ. ವೇಷವಿಲ್ಲ, ವಾದ್ಯವಿಲ್ಲ, ಸ್ವಂತ ಕವಿತೆಯೇ ಆಗಬೇಕು. ಪ್ರತಿ ತೀರ್ಪುಗಾರ ಸೊನ್ನೆಯಿಂದ 10ರವರೆಗೆ, ದಶಮಾಂಶ ಸಹಿತ ಅಂಕ ಬರೆದು ಎತ್ತಿ ಹಿಡಿಯುತ್ತಾನೆ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ, 30ಕ್ಕಿಂತ ಹೆಚ್ಚಿಲ್ಲ. ಸ್ಪರ್ಧೆಯಲ್ಲಿಲ್ಲದ ಒಬ್ಬ ಕವಿ ಎಲ್ಲರಿಗಿಂತ ಮೊದಲು ಓದಿ ತೀರ್ಪುಗಾರರ ಕೈ ಪಳಗಿಸುವುದೂ ಉಂಟು. ಅವನನ್ನು 'ಬಲಿ' ಎಂದೇ ಕರೆಯುತ್ತಾರೆ. ಅಂಕ ಇಷ್ಟವಾಗದ ಸಭಿಕರು ತೀರ್ಪುಗಾರರನ್ನೇ ಕೂಗಿ ದಬಾಯಿಸುತ್ತಾರೆ. ಕವಿತೆ ಕೇಳುವವರು ತಲೆತಗ್ಗಿಸಿ ಮೌನವಾಗಿರಬೇಕೆಂಬ ರೂಢಿ ಇಲ್ಲಿ ನಡೆಯದು.

ಕೆಫೆಯ ಮೊದಲ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದವರು ಪಾಲ್ ಬೇಟಿ. ಬಹುಮಾನ ಮೊದಲ ಕವನ ಸಂಕಲನದ ಪ್ರಕಟಣೆ. ಅದೇ ಬೇಟಿ 2016ರಲ್ಲಿ 'ದ ಸೆಲ್‌ಔಟ್' ಕಾದಂಬರಿಗೆ ಬೂಕರ್ ಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಅಮೆರಿಕದ ಲೇಖಕರೊಬ್ಬರಿಗೆ ಬಂದದ್ದು ಅದೇ ಮೊದಲು. 1996ರಲ್ಲಿ ಗೆದ್ದ ಸಾಲ್ ವಿಲಿಯಮ್ಸ್ 1998ರ 'ಸ್ಲ್ಯಾಮ್' ಚಿತ್ರದ ನಾಯಕನಟರಾದರು. ಅಲ್ಗರೀನ್ ಮತ್ತು ಹೋಲ್ಮನ್ ಸಂಪಾದಿಸಿದ 'ಅಲೌಡ್' (1994) ಸಂಕಲನಕ್ಕೆ ಅಮೆರಿಕನ್ ಬುಕ್ ಅವಾರ್ಡ್ ಬಂತು. ಟಿ.ವಿ. ವಾಹಿನಿಗಳೂ ಹಿಂದೆಯೇ ಬಂದವು. 2002ರಲ್ಲಿ ಎಚ್‌ಬಿಒ ವಾಹಿನಿ 'ಡೆಫ್ ಪೊಯೆಟ್ರಿ' ಎಂಬ ಸರಣಿಯನ್ನೇ ತೆಗೆಯಿತು.

ಎಲ್ಲರೂ ಮೆಚ್ಚಲಿಲ್ಲ. ಹೆಸರಾಂತ ವಿಮರ್ಶಕ ಹೆರಾಲ್ಡ್ ಬ್ಲೂಮ್ 2000ದಲ್ಲಿ ಸ್ಲ್ಯಾಮನ್ನು ಕಲೆಯ ಸಾವೆಂದು ಜರೆದರು. ಕವಿತೆಗೆ ಅಂಕ ಕೊಡುವುದು ತರವಲ್ಲವೆಂಬ ತಕರಾರಿನಲ್ಲಿ ತಥ್ಯವಿದೆ. ಮೂರು ನಿಮಿಷದಲ್ಲಿ ಚಪ್ಪಾಳೆ ಗಿಟ್ಟಿಸಬೇಕಾದ ಕವಿತೆ ಒಂದೇ ಏರುದನಿಗೆ ಒಗ್ಗಿಬಿಡುತ್ತದೆ. ಮೆಲುದನಿಯವರು ಹಿಂದೆ ಬೀಳುತ್ತಾರೆ. ಆದರೆ ಬ್ಲೂಮ್ ಕಣ್ಣಿಟ್ಟದ್ದು ಸ್ಪರ್ಧೆಯ ಮೇಲೆ. ಶುಕ್ರವಾರದ ಸ್ಲ್ಯಾಮ್ ಮುಗಿದು ಜನ ಕರಗಿದ ಮೇಲೆ, ಅಪರಾತ್ರಿಯಲ್ಲಿ 'ಓಪನ್ ರೂಮ್' ಎಂಬ ವಾಚನ ಇಲ್ಲಿ ನಡೆಯುತ್ತಿತ್ತು. ಅಲ್ಲಿ ಅಂಕವಿಲ್ಲ, ಬಹುಮಾನವಿಲ್ಲ. ಉಳಿದವರು ಓದುವರು, ಉಳಿದವರೇ ಕೇಳುವರು. ಕೈ ನಡುಗಿ ಕಾಗದ ಸದ್ದು ಮಾಡುವಾಗ ಮೊದಲ ಬಾರಿ ಓದುವವನಿಗೆ ಧೈರ್ಯ ಕೊಡುವುದು ಇಂಥ ಸಭೆ. ಕೆಫೆ ಕಾವ್ಯಕ್ಕೆ ಕೊಟ್ಟ ದೊಡ್ಡ ಕೊಡುಗೆ ಗ್ರ್ಯಾಂಡ್ ಸ್ಲ್ಯಾಮಿನ ಗೆಲುವುಗಳಿಗಿಂತ ಈ ತಡರಾತ್ರಿಗಳೇ ಎನ್ನಬೇಕು.

ಮುಂದೆ ಬಡಾವಣೆಯ ಬಾಡಿಗೆಗಳು ಆಕಾಶಕ್ಕೇರಿ ಹಳೆಯ ಪೋರ್ಟೊ ರಿಕನ್ ಕುಟುಂಬಗಳಲ್ಲಿ ಅನೇಕವು ಊರಾಚೆಗೆ ಸರಿದವು. ಕಟ್ಟಡ ಸ್ವಂತದ್ದಾಗಿದ್ದರಿಂದ ಕೆಫೆ ಕದಲಲಿಲ್ಲ. 2020ರ ನವೆಂಬರಿನಲ್ಲಿ ಅಲ್ಗರೀನ್ ಕಣ್ಮುಚ್ಚಿದರು. 2023ರ ಕೊನೆಗೆ ಹಳೆಯ ಕಟ್ಟಡವನ್ನು ನವೀಕರಣಕ್ಕೆ ಮುಚ್ಚಲಾಯಿತು. ವಾಚನಗಳು ನಗರದ ಬೇರೆ ಜಾಗಗಳಿಗೆ ಹೋದವು. ಹೆಸರು ಬರೆಯುವ ಹಾಳೆಯೂ ಜೊತೆಗೆ ಹೋಯಿತು.