ಅವೀಚಿ: ಧ್ವನಿಮುದ್ರಿಕೆಗಳು, ಪಟ್ಟಿಯ ಸ್ಥಾನಗಳು, ಹೆಸರು ಕಾಣದ ಕಂಠಗಳು

ಅವೀಚಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಟಿಮ್ ಬರ್ಗ್ಲಿಂಗ್ ಸ್ವೀಡನ್ ದೇಶದ ಎಲೆಕ್ಟ್ರಾನಿಕ್ ಸಂಗೀತ ನಿರ್ಮಾಪಕರು. 1989ರ ಸೆಪ್ಟೆಂಬರ್ 8ರಂದು ಸ್ಟಾಕ್‌ಹೋಮಿನಲ್ಲಿ ಜನಿಸಿದ ಅವರು 2018ರ ಏಪ್ರಿಲ್ 20ರಂದು ಒಮಾನಿನ ಮಸ್ಕತ್ ನಗರದಲ್ಲಿ, 28ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಗೀತೆಗಳು ಇಂದಿಗೂ ನಮ್ಮ ಪ್ರೌಢಶಾಲೆಗಳ ಮಕ್ಕಳ ಮೊಬೈಲುಗಳಲ್ಲಿ ಕೇಳಿಬರುತ್ತವೆ. ಮಕ್ಕಳು ಕೇಳುವುದೇನೆಂದು ತಿಳಿಯಬಯಸುವ ಪೋಷಕರಿಗೂ, ಗಣಕಯಂತ್ರದಲ್ಲಿ ತಾವೂ ರಾಗ ಕಟ್ಟಬೇಕೆಂಬ ಆಸೆಯುಳ್ಳ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಈ ಪರಿಚಯ ಲೇಖನವನ್ನು ಸಿದ್ಧಪಡಿಸಿದ್ದೇವೆ. ‘ಇದು ಯಾರ ಹಾಡು?’ ಎಂಬ ಸರಳ ಪ್ರಶ್ನೆಗೆ ಅವೀಚಿಯ ವಿಷಯದಲ್ಲಿ ಸರಳ ಉತ್ತರವಿಲ್ಲ. ಆದುದರಿಂದಲೇ ಈ ವಿಷಯವನ್ನು ಆರಿಸಿಕೊಂಡೆವು.

ಮೊದಲು ಹೆಸರಿನ ಮಾತು. ಅವೀಚಿ ನಮಗೆ ಅಪರಿಚಿತ ಪದವೇನಲ್ಲ. ಬೌದ್ಧ ಗ್ರಂಥಗಳಲ್ಲಿ ಅದು ನರಕಗಳಲ್ಲೆಲ್ಲ ಅತ್ಯಂತ ಕೆಳಗಿನದು. ಭಾಗವತದ ಐದನೆಯ ಸ್ಕಂಧದಲ್ಲಿ ಸುಳ್ಳುಸಾಕ್ಷಿ ಹೇಳಿದವರು ಬೀಳುವ ನರಕಕ್ಕೆ ‘ಅವೀಚಿಮತ್’ ಎಂಬ ಹೆಸರಿದೆ. ಸಂಸ್ಕೃತದಲ್ಲಿ ‘ವೀಚಿ’ ಎಂದರೆ ಅಲೆ. ನೀರಿನಂತೆ ತೋರಿದರೂ ಅಲೆಯೇಳದ ಕಲ್ಲುನೆಲ ಅಲ್ಲಿಯದು. ಸ್ಟಾಕ್‌ಹೋಮಿನ ಆ ತರುಣ ಬೌದ್ಧ ನರಕದ ಹೆಸರನ್ನೇ ಇಟ್ಟುಕೊಂಡರು. ಮೈಸ್ಪೇಸ್ ಜಾಲತಾಣದಲ್ಲಿ ಆ ಹೆಸರನ್ನು ಬೇರೊಬ್ಬರು ಆಗಲೇ ಪಡೆದಿದ್ದ ಕಾರಣ ರೋಮನ್ ಬರಹದಲ್ಲಿ ಕೊನೆಗೆ ಇನ್ನೊಂದು ‘ಐ’ ಅಕ್ಷರವನ್ನು ಸೇರಿಸಿಕೊಂಡರು. ಧ್ವನಿಯ ಅಲೆಗಳನ್ನೇ ಬದುಕಾಗಿಸಿಕೊಂಡವರು ಅಲೆಯಿಲ್ಲದ ತಾಣದ ಹೆಸರನ್ನು ಆರಿಸಿದ್ದು ಕಾಕತಾಳೀಯವಷ್ಟೇ.

ಸಂಗೀತ ನಿರ್ಮಾಪಕ ಎಂದರೆ ಯಾರು ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಚಲನಚಿತ್ರಕ್ಕೆ ಹಣ ಹೂಡುವ ನಿರ್ಮಾಪಕರನ್ನು ನಾವು ಬಲ್ಲೆವು. ಇಲ್ಲಿಯ ಅರ್ಥ ಬೇರೆ. ರಾಗವನ್ನು ಕಲ್ಪಿಸಿ, ಲಯವನ್ನು ನಿಗದಿಪಡಿಸಿ, ಪ್ರತಿಯೊಂದು ವಾದ್ಯದ ನಾದವನ್ನು ಗಣಕಯಂತ್ರದಲ್ಲೇ ರೂಪಿಸಿ, ಗಾಯಕರ ಕಂಠವನ್ನು ಅದರೊಳಗೆ ಹೊಂದಿಸಿ, ಅಂತಿಮ ಧ್ವನಿಮುದ್ರಿಕೆಯನ್ನು ಸಿದ್ಧಗೊಳಿಸುವವರೇ ನಿರ್ಮಾಪಕರು. ನಮ್ಮ ಚಿತ್ರರಂಗದ ಸಂಗೀತ ನಿರ್ದೇಶಕ, ವಾದ್ಯಗೋಷ್ಠಿ ಮತ್ತು ಧ್ವನಿಗ್ರಾಹಕ, ಈ ಮೂವರ ಕೆಲಸವನ್ನೂ ಒಬ್ಬರೇ ಮಾಡಿದಂತೆ. ಅವೀಚಿ ಬಳಸಿದ್ದು ಎಫ್‌ಎಲ್ ಸ್ಟುಡಿಯೋ ಎಂಬ ತಂತ್ರಾಂಶ. ಅದರಲ್ಲಿ ಚೌಕಳಿಗಳ ಕಾಗದದಂತಹ ಒಂದು ಪರದೆಯಿದೆ. ಮೇಲಿನಿಂದ ಕೆಳಕ್ಕೆ ಸ್ವರಸ್ಥಾನಗಳು, ಎಡದಿಂದ ಬಲಕ್ಕೆ ಕಾಲ. ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟುದ್ದದ ಪಟ್ಟಿಯನ್ನು ಅಲ್ಲಿ ಎಳೆಯಬೇಕು. ವಾದ್ಯ ನುಡಿಸಲು ಬಾರದವರೂ ಇದರಲ್ಲಿ ರಾಗ ಕಟ್ಟಬಲ್ಲರು. ಆದರೆ ಕಿವಿಯ ಶಿಕ್ಷಣವಿಲ್ಲದೆ ಒಳ್ಳೆಯ ರಾಗ ಹುಟ್ಟುವುದಿಲ್ಲವೆಂಬುದನ್ನು ಮಕ್ಕಳಿಗೆ ತಿಳಿಸಬೇಕು. ಅವೀಚಿಯ ನಿಜವಾದ ಶಕ್ತಿ ಇದ್ದುದು ಒಮ್ಮೆ ಕೇಳಿದರೆ ಮರೆಯದ ಪುಟ್ಟ ಸ್ವರಮಾಲೆಗಳಲ್ಲಿ, ಯಂತ್ರದಲ್ಲಲ್ಲ.

2008ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ಬ್ರಿಟನ್ನಿನ ಬಿಬಿಸಿ ರೇಡಿಯೋ ನಿರೂಪಕ ಪೀಟ್ ಟಾಂಗ್ ಅವರ ಸ್ಪರ್ಧೆಯೊಂದರಲ್ಲಿ ಅವರ ‘ಮ್ಯಾನ್‌ಮ್ಯಾನ್’ ಎಂಬ ಕೃತಿ ಗೆದ್ದಿತು. 2010ರಲ್ಲಿ ಟಿಮ್ ಬರ್ಗ್ ಎಂಬ ಹೆಸರಿನಲ್ಲಿ ಬಂದ ‘ಸೀಕ್ ಬ್ರೊಮ್ಯಾನ್ಸ್’ ಬ್ರಿಟನ್ನಿನ ಪಟ್ಟಿಯಲ್ಲಿ 13ನೆಯ ಸ್ಥಾನ ಪಡೆಯಿತು. ಇವೆಲ್ಲ ಪೀಠಿಕೆ. ಮನೆಮಾತಾದದ್ದು 2011ರ ಅಕ್ಟೋಬರಿನಲ್ಲಿ ಹೊರಬಂದ ‘ಲೆವೆಲ್ಸ್’ ಎಂಬ ಬಿಡಿಗೀತೆಯಿಂದ. ಸ್ವೀಡನ್ನಿನಲ್ಲಿ ಅದು ಮೊದಲನೆಯ ಸ್ಥಾನಕ್ಕೇರಿತು, ಬ್ರಿಟನ್ನಿನಲ್ಲಿ ನಾಲ್ಕನೆಯದಕ್ಕೆ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮಾತ್ರ 60ನೆಯ ಸ್ಥಾನವನ್ನು ದಾಟಲಿಲ್ಲ.

‘ಲೆವೆಲ್ಸ್’ ನಡುವೆ ಥಟ್ಟನೆ ಒಬ್ಬ ಹೆಣ್ಣುಮಗಳ ಏರುಕಂಠ ಕೇಳಿಬರುತ್ತದೆ. ಅದು ಅಮೆರಿಕದ ಕಪ್ಪು ಜನಾಂಗದ ಮಹಾನ್ ಗಾಯಕಿ ಎಟ್ಟಾ ಜೇಮ್ಸ್ ಅವರದು. 1962ರ ಅವರ ಗೀತೆಯೊಂದರಿಂದ ತುಣುಕನ್ನು ಕತ್ತರಿಸಿ ಇಲ್ಲಿ ಸೇರಿಸಲಾಗಿದೆ. ಹೀಗೆ ಹಳೆಯ ಮುದ್ರಿಕೆಯ ಅಂಶವನ್ನು ಹೊಸದರಲ್ಲಿ ಬಳಸುವ ಕ್ರಮಕ್ಕೆ ಸ್ಯಾಂಪಲ್ ಎನ್ನುತ್ತಾರೆ. ಮೂಲದವರ ಅನುಮತಿ ಪಡೆಯಬೇಕು, ರಚನಕಾರರಲ್ಲಿ ಅವರ ಹೆಸರನ್ನೂ ಸೇರಿಸಬೇಕು. ‘ಲೆವೆಲ್ಸ್’ ರಚನಕಾರರ ಸಾಲಿನಲ್ಲಿ ಎಟ್ಟಾ ಜೇಮ್ಸ್ ಮತ್ತು ಮೂಲಗೀತೆಯ ಇತರ ಇಬ್ಬರ ಹೆಸರುಗಳಿವೆ. ಮುಖಪುಟದಲ್ಲಿ ಇರುವುದು ಅವೀಚಿ ಎಂಬ ಒಂದೇ ಹೆಸರು. ಅದೇ ವರ್ಷ ರ‍್ಯಾಪ್ ಗಾಯಕ ಫ್ಲೋ ರೈಡಾ ಅವೀಚಿಯ ಈ ಸಂಗೀತವನ್ನೇ ಬಳಸಿ ‘ಗುಡ್ ಫೀಲಿಂಗ್’ ಎಂಬ ಗೀತೆಯನ್ನು ಹೊರತಂದರು. ಅದು ಅಮೆರಿಕದಲ್ಲಿ ಮೂರನೆಯ ಸ್ಥಾನ ಮುಟ್ಟಿತು. ಮೂಲ 60ರಲ್ಲಿ, ಅದರ ಮೇಲೆ ಕಟ್ಟಿದ್ದು 3ರಲ್ಲಿ!

ಈ ‘ಸ್ಥಾನ’ಗಳೆಂದರೇನು? ಬ್ರಿಟನ್ನಿನಲ್ಲಿ 1952ರಿಂದಲೂ, ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ‘ಹಾಟ್ 100’ ಎಂಬ ಹೆಸರಿನಲ್ಲಿ 1958ರಿಂದಲೂ, ವಾರವಾರ ಜನಪ್ರಿಯ ಗೀತೆಗಳ ಪಟ್ಟಿ ಪ್ರಕಟವಾಗುತ್ತಿದೆ. ಆದರೆ ಎರಡೂ ಎಣಿಸುವುದು ಒಂದನ್ನೇ ಅಲ್ಲ. ಅಮೆರಿಕದ ಪಟ್ಟಿಯಲ್ಲಿ ಮಾರಾಟದ ಜೊತೆಗೆ ರೇಡಿಯೋ ಪ್ರಸಾರ ಮತ್ತು ಅಂತರಜಾಲದ ಆಲಿಕೆಯೂ ಸೇರುತ್ತವೆ. ಬ್ರಿಟನ್ನಿನಲ್ಲಿ 2014ರ ಜುಲೈವರೆಗೆ ಮಾರಾಟವೊಂದೇ ಲೆಕ್ಕ. ಅನಂತರ ನೂರು ಬಾರಿ ಆಲಿಸಿದರೆ ಒಂದು ಪ್ರತಿ ಮಾರಾಟವಾದಂತೆ ಎಂಬ ನಿಯಮ ಬಂದಿತು. ಆದುದರಿಂದ ‘ಮೊದಲ ಸ್ಥಾನ’ ಎಂಬ ಮಾತು ಕಿವಿಗೆ ಬಿದ್ದಾಗ ಯಾವ ದೇಶದ, ಯಾವ ಕಾಲದ, ಯಾವ ಲೆಕ್ಕದ ಪಟ್ಟಿ ಎಂದು ಮರುಪ್ರಶ್ನೆ ಹಾಕುವುದು ಲೇಸು. ಗಣಿತದ ತರಗತಿಗೆ ಇದಕ್ಕಿಂತ ಸೊಗಸಾದ ಉದಾಹರಣೆ ಸಿಗಲಾರದೆಂದು ನಮ್ಮ ಅಭಿಪ್ರಾಯ.

ಡಚ್ ನಿರ್ಮಾಪಕ ನಿಕಿ ರೊಮೆರೊ ಅವರೊಡಗೂಡಿ ಮಾಡಿದ ‘ಐ ಕುಡ್ ಬಿ ದಿ ಒನ್’ 2013ರ ಆರಂಭದಲ್ಲಿ ಬ್ರಿಟನ್ನಿನ ಅಗ್ರಸ್ಥಾನ ಪಡೆಯಿತು. ಅದೇ ಮಾರ್ಚ್ ತಿಂಗಳಲ್ಲಿ ಅಮೆರಿಕದ ಮಯಾಮಿ ನಗರದ ಅಲ್ಟ್ರಾ ಸಂಗೀತೋತ್ಸವದಲ್ಲಿ ಅವೀಚಿ ಒಂದು ದುಸ್ಸಾಹಸ ಮಾಡಿದರು. ಕುಣಿಯಲು ನೆರೆದಿದ್ದ ಜನಸಾಗರದ ಮುಂದೆ ಗಿಟಾರು ಮೊದಲಾದ ವಾದ್ಯಗಳ ಕಲಾವಿದರನ್ನು ನಿಲ್ಲಿಸಿ ಅಮೆರಿಕದ ಹಳ್ಳಿಗಾಡಿನ ಜನಪದ ಶೈಲಿಯ ಹಾಡುಗಳನ್ನು ನುಡಿಸಿದರು. ಜನ ತಬ್ಬಿಬ್ಬಾದರು, ಹಲವರು ಮೂದಲಿಸಿದರು. ಮೂರು ತಿಂಗಳಲ್ಲಿ ಅವುಗಳಲ್ಲೊಂದು ಬಿಡಿಗೀತೆಯಾಗಿ ಹೊರಬಂದಿತು. ಅದೇ ‘ವೇಕ್ ಮಿ ಅಪ್’. ನಿಮಿಷಕ್ಕೆ 124 ತಾಳದೇಟುಗಳ ಆ ಗೀತೆ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಅಗ್ರಸ್ಥಾನಕ್ಕೇರಿತು. ಬ್ರಿಟನ್ನಿನಲ್ಲೂ ಒಂದು, ಅಮೆರಿಕದಲ್ಲಿ ನಾಲ್ಕು.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಈ ಗೀತೆ ಯಾರದು? ಸ್ವರಸಂಯೋಜನೆಯಲ್ಲಿ ಅವೀಚಿಯೊಡನೆ ಇಂಕ್ಯುಬಸ್ ತಂಡದ ಗಿಟಾರ್ ವಾದಕ ಮೈಕ್ ಐನ್ಝಿಗರ್ ಇದ್ದರು. ಸಾಹಿತ್ಯ ಬರೆದು ಹಾಡಿದವರು ಅಮೆರಿಕದ ಗಾಯಕ ಅಲೋ ಬ್ಲ್ಯಾಕ್. ಆದರೆ ಮುಖಪುಟದಲ್ಲಿಯೂ ಪಟ್ಟಿಯಲ್ಲಿಯೂ ಕಂಡದ್ದು ಅವೀಚಿ ಮಾತ್ರ. ಕೋಟ್ಯಂತರ ಜನ ಬ್ಲ್ಯಾಕ್ ಅವರ ಕಂಠವನ್ನು ಅವೀಚಿಯದೆಂದೇ ತಿಳಿದರು. ನಮ್ಮ ಆಕಾಶವಾಣಿಯ ಚಿತ್ರಗೀತೆ ಪ್ರಸಾರವನ್ನು ನೆನೆಯಿರಿ. ಚಿತ್ರ ಯಾವುದು, ಸಾಹಿತ್ಯ ಯಾರದು, ಸಂಗೀತ ಯಾರದು, ಗಾಯಕರು ಯಾರು ಎಂದು ಉದ್ಘೋಷಕರು ಹೇಳಿದ ಮೇಲೆಯೇ ಹಾಡು. ಆ ಸಾಲುಗಳನ್ನು ಕೇಳಿ ಬೆಳೆದ ನಮಗೆ, ಗಾಯಕನ ಹೆಸರಿಲ್ಲದೆ ಒಂದು ಹಾಡು ಜಗತ್ತನ್ನು ಸುತ್ತಿದ್ದು ವಿಚಿತ್ರವಾಗಿಯೇ ಕಾಣುತ್ತದೆ. ಇದು ಅವೀಚಿಯೊಬ್ಬರ ದೋಷವೆನ್ನಲಾಗದು. ಆ ನೃತ್ಯಸಂಗೀತದ ಪದ್ಧತಿಯಲ್ಲಿ ನಿರ್ಮಾಪಕರೇ ನಾಯಕರು.

ಹಣದ ಲೆಕ್ಕ ಇನ್ನಷ್ಟು ಕುತೂಹಲಕರ. 2014ರ ನವೆಂಬರಿನಲ್ಲಿ ಅಲೋ ಬ್ಲ್ಯಾಕ್ ಅವರೇ ‘ವೈರ್ಡ್’ ಪತ್ರಿಕೆಯಲ್ಲಿ ಬರೆದರು. ಅಮೆರಿಕದ ಪಂಡೋರಾ ಎಂಬ ಅಂತರಜಾಲ ರೇಡಿಯೋದಲ್ಲಿ ‘ವೇಕ್ ಮಿ ಅಪ್’ 16 ಕೋಟಿ 80 ಲಕ್ಷಕ್ಕೂ ಹೆಚ್ಚು ಬಾರಿ ಪ್ರಸಾರವಾಗಿತ್ತು. ಅದಕ್ಕಾಗಿ ರಚನೆಯ ಪಾಲಿಗೆ ಬಂದ ರಾಯಧನ 12,359 ಡಾಲರ್. ಮೂವರು ರಚನಕಾರರು ಮತ್ತು ಅವರ ಪ್ರಕಾಶಕರು ಅದನ್ನು ಹಂಚಿಕೊಳ್ಳಬೇಕಿತ್ತು. ಬ್ಲ್ಯಾಕ್ ಅವರ ಕೈಗೆ ಬಂದದ್ದು 4,000 ಡಾಲರಿಗಿಂತ ಕಡಿಮೆ. ಭಾಗಿಸಿ ನೋಡಿದರೆ ಹತ್ತು ಲಕ್ಷ ಬಾರಿ ಕೇಳಿಸಿದ್ದಕ್ಕೆ ಎಲ್ಲರಿಗೂ ಸೇರಿ ಸುಮಾರು 74 ಡಾಲರ್. ಇದು ಒಂದು ಸಂಸ್ಥೆಯಿಂದ, ಒಂದು ದೇಶದಲ್ಲಿ, ರಚನೆಯ ಹಕ್ಕಿಗೆ ಮಾತ್ರ ಸಂದ ಹಣ. ಮಾರಾಟ, ರೇಡಿಯೋ, ಕಛೇರಿಗಳ ಗಳಿಕೆ ಬೇರೆ. ಆದರೂ ‘ಕೋಟಿ ವ್ಯೂಸ್ ಬಂದರೆ ಕೋಟಿ ರೂಪಾಯಿ’ ಎಂದು ನಂಬಿರುವ ಮಕ್ಕಳಿಗೆ ಈ ಅಂಕಿಗಳನ್ನು ತೋರಿಸಬೇಕು.

2013ರ ಸೆಪ್ಟೆಂಬರಿನಲ್ಲಿ ‘ಟ್ರೂ’ ಎಂಬ ಚೊಚ್ಚಲ ಆಲ್ಬಂ ಬಂದಿತು. ಸ್ವೀಡನ್ನಿನಲ್ಲಿ ಒಂದನೆಯ, ಬ್ರಿಟನ್ನಿನಲ್ಲಿ ಎರಡನೆಯ, ಅಮೆರಿಕದಲ್ಲಿ ಐದನೆಯ ಸ್ಥಾನ. ಅದರಲ್ಲಿನ ‘ಹೇ ಬ್ರದರ್’ ಹಾಡಿದವರು ಬ್ಲೂಗ್ರಾಸ್ ಎಂಬ ಜನಪದ ಶೈಲಿಯ ನುರಿತ ಗಾಯಕ ಡ್ಯಾನ್ ಟಿಮಿನ್ಸ್ಕಿ. ಮುಖಪುಟದಲ್ಲಿ ಅವರ ಹೆಸರೂ ಇಲ್ಲ. ಬ್ರಿಟನ್ನಿನಲ್ಲಿ ಅದು ಎರಡನೆಯ, ಅಮೆರಿಕದಲ್ಲಿ 16ನೆಯ ಸ್ಥಾನ ಪಡೆಯಿತು. 2014ರಲ್ಲಿ ಕೋಲ್ಡ್‌ಪ್ಲೇ ತಂಡದ ‘ಎ ಸ್ಕೈ ಫುಲ್ ಆಫ್ ಸ್ಟಾರ್ಸ್’ ಗೀತೆಯ ನಿರ್ಮಾಣದಲ್ಲಿ ಅವೀಚಿ ಪಾಲ್ಗೊಂಡರು. ಅಲ್ಲಿ ತೆರೆಮರೆಯಲ್ಲಿದ್ದವರು ಅವರೇ. ಎರಡನೆಯ ಆಲ್ಬಂ ‘ಸ್ಟೋರೀಸ್’ 2015ರ ಅಕ್ಟೋಬರಿನದು. ‘ವೇಟಿಂಗ್ ಫಾರ್ ಲವ್’ ಅದರ ಹೆಸರಾಂತ ಗೀತೆ. ಒಟ್ಟಿನಲ್ಲಿ ‘ಟ್ರೂ’ವಿನ ಹೊಸತನ ಅದರಲ್ಲಿಲ್ಲ.

ಈ ಏರಿಕೆಯ ಹಿಂದೆ ಒಂದು ಕುಸಿತ ನಡೆದಿತ್ತು. ಎಂಟು ವರ್ಷಗಳಲ್ಲಿ ಸುಮಾರು ಎಂಟುನೂರು ಕಾರ್ಯಕ್ರಮಗಳು, ನಿದ್ರೆಯಿಲ್ಲದ ಪ್ರಯಾಣ, ಅಂಜಿಕೆಯನ್ನು ಅಡಗಿಸಲು ಮದ್ಯ. 2012ರಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತದಿಂದ ಆಸ್ಪತ್ರೆ ಸೇರಿದರು. 2014ರ ಮಾರ್ಚಿನಲ್ಲಿ ಪಿತ್ತಕೋಶವನ್ನೂ ಅಪೆಂಡಿಕ್ಸನ್ನೂ ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಯಿತು. 2016ರಲ್ಲಿ, 26ನೆಯ ವಯಸ್ಸಿನಲ್ಲಿ, ವೇದಿಕೆಯಿಂದ ನಿವೃತ್ತಿಯನ್ನು ಘೋಷಿಸಿ, ಆಗಸ್ಟ್ 28ರಂದು ಸ್ಪೇನಿನ ಇಬೀಜಾ ದ್ವೀಪದಲ್ಲಿ ಕೊನೆಯ ಕಾರ್ಯಕ್ರಮ ನೀಡಿದರು. ರಚನೆ ನಿಲ್ಲಲಿಲ್ಲ, 2017ರ ಆಗಸ್ಟಿನಲ್ಲಿ ಆರು ಗೀತೆಗಳ ಕಿರುಸಂಪುಟ ಬಂದಿತು. ಮರುವರ್ಷ ಏಪ್ರಿಲಿನಲ್ಲಿ ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ತಂದೆತಾಯಿಗಳು 2019ರಲ್ಲಿ ಮಗನ ಹೆಸರಿನಲ್ಲಿ ಪ್ರತಿಷ್ಠಾನವನ್ನು ಸ್ಥಾಪಿಸಿ, ತರುಣರ ಮಾನಸಿಕ ಆರೋಗ್ಯ ಮತ್ತು ಆತ್ಮಹತ್ಯೆ ತಡೆಗಾಗಿ ದುಡಿಯುತ್ತಿದ್ದಾರೆ.

ಇದನ್ನು ಮಕ್ಕಳ ಮುಂದೆ ಮುಚ್ಚಿಡಬೇಕಿಲ್ಲ; ವಿವರಿಸಿ ಹೇಳುತ್ತ ಕೂರಬೇಕಾಗಿಯೂ ಇಲ್ಲ. ಮಗು ಮಂಕಾಗಿ, ಮಾತು ಬಿಟ್ಟು, ನಿದ್ರೆಗೆಟ್ಟು ಇರುವುದು ಕಂಡರೆ ‘ಮೊಬೈಲು ನೋಡಿ ಕೆಟ್ಟಿತು’ ಎಂದು ಗದರದೆ ಬಳಿ ಕುಳಿತು ಕೇಳಿರಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ. ಕರೆ ಮಾಡುವವರು ಭಾಷೆಯನ್ನು ಆರಿಸಿಕೊಳ್ಳಬಹುದು. ಆ ಭಾಷೆಗಳಲ್ಲಿ ಕನ್ನಡವೂ ಇದೆ. ನೆರೆರಾಜ್ಯಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಇದನ್ನು ಗುರುತಿಟ್ಟುಕೊಳ್ಳಲೆಂದು ಕೋರುತ್ತೇವೆ.

ಅವೀಚಿ ತೀರಿಕೊಂಡಾಗ ಮೂರನೆಯ ಆಲ್ಬಂ ಮುಗಿಯುವ ಹಂತದಲ್ಲಿತ್ತು. ಕಾರ್ಲ್ ಫಾಕ್, ಸಲೇಂ ಅಲ್ ಫಕೀರ್, ವಿನ್ಸೆಂಟ್ ಪೊಂತಾರೆ, ಆಲ್ಬಿನ್ ನೆಡ್ಲರ್, ಕ್ರಿಸ್ಟೋಫರ್ ಫೋಗೆಲ್ಮಾರ್ಕ್ ಮೊದಲಾದ ಜೊತೆಗಾರರು ಅವರ ಟಿಪ್ಪಣಿ, ಇಮೇಲು, ಸಂದೇಶಗಳನ್ನು ಮುಂದಿಟ್ಟುಕೊಂಡು ಗೀತೆಗಳನ್ನು ಪೂರ್ಣಗೊಳಿಸಿದರು. 2019ರ ಜೂನ್ 6ರಂದು ‘ಟಿಮ್’ ಎಂಬ ಹೆಸರಿನಲ್ಲಿ ಅದು ಪ್ರಕಟವಾಯಿತು. ಅದರಿಂದ ಬರುವ ಆದಾಯ ಪ್ರತಿಷ್ಠಾನಕ್ಕೆ. ಅದಕ್ಕೂ ಮೊದಲು, ಏಪ್ರಿಲಿನಲ್ಲಿ, ಅದರ ಮೊದಲ ಬಿಡಿಗೀತೆ ‘ಎಸ್‌ಒಎಸ್’ ಹೊರಬಂದು ಸ್ವೀಡನ್ನಿನ ಅಗ್ರಸ್ಥಾನಕ್ಕೇರಿತ್ತು. ಅಲೋ ಬ್ಲ್ಯಾಕ್ ಅವರಿಂದ ಹಾಡಿಸಬೇಕೆಂಬುದು ಅವೀಚಿಯ ಟಿಪ್ಪಣಿಯಲ್ಲೇ ಇತ್ತು. ಬ್ಲ್ಯಾಕ್ ಹಾಡಿದರು. ಈ ಬಾರಿ ಮುಖಪುಟದಲ್ಲಿ ಎರಡು ಹೆಸರುಗಳಿದ್ದವು.

ಸ್ಟಾಕ್‌ಹೋಮಿನಲ್ಲಿ ಗ್ಲೋಬ್ ಎಂಬ ಬೃಹತ್ ಗೋಳಾಕಾರದ ಸಭಾಂಗಣವಿದೆ. ಅವೀಚಿ ಹುಟ್ಟಿದ 1989ರಲ್ಲೇ ಅದರ ಉದ್ಘಾಟನೆಯಾಗಿತ್ತು. 2021ರ ಮೇ ತಿಂಗಳಲ್ಲಿ ಅದಕ್ಕೆ ಅವೀಚಿ ಅರೇನಾ ಎಂದು ಮರುನಾಮಕರಣ ಮಾಡಲಾಯಿತು.

ಹಾಡು ಕೇಳುವ ಹಲವು ಆ್ಯಪ್‌ಗಳಲ್ಲಿ ಹಾಡಿನ ಹೆಸರಿನ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿದರೆ ‘ಕ್ರೆಡಿಟ್ಸ್’ ಎಂಬ ಸಾಲು ತೆರೆಯುತ್ತದೆ. ಹಾಡಿದವರು, ಬರೆದವರು, ನಿರ್ಮಿಸಿದವರು ಎಂದು ಬೇರೆಬೇರೆಯಾಗಿ ಅಲ್ಲಿ ನಮೂದಾಗಿರುತ್ತದೆ. ‘ವೇಕ್ ಮಿ ಅಪ್’ ಗೀತೆಯ ಕೆಳಗೆ ರಚನಕಾರರ ಮೂರು ಹೆಸರುಗಳಿವೆ. ಮಕ್ಕಳಿಂದಲೇ ಅದನ್ನು ತೆರೆಸಿ ಓದಿಸಿರಿ.