ಕಡೇ ಪಂಕ್ತಿಯ ಊಟ

ಬಸುರಿ ಹೆಂಗಸು ಬಿಳಿಚಿಕೊಂಡರೆ ನಮ್ಮ ಕಡೆ "ಮೈಯಲ್ಲಿ ರಕ್ತ ಇಲ್ಲ" ಎನ್ನುತ್ತಾರೆ. ರಕ್ತ ಏಕಿಲ್ಲ ಎಂದು ಕೇಳಿ, ಉತ್ತರ ಹುಡುಕಿಕೊಂಡು ಹೋದವರ ಕಥೆ ನಾನು ಪಾಠ ಮಾಡಿದ ಯಾವ ಇತಿಹಾಸದ ಪುಸ್ತಕದಲ್ಲೂ ಇರಲಿಲ್ಲ. ಬೊಂಬಾಯಿಯ ಬಟ್ಟೆ ಗಿರಣಿಗಳ ವಿಷಯ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಹತ್ತಿ, ರೈಲು, ಬಂದರು, ಮುಷ್ಕರ ಎಲ್ಲವೂ ಅದರಲ್ಲಿ ಬರುತ್ತವೆ. ಆದರೆ ಆ ಗಿರಣಿಗಳಲ್ಲಿ ದುಡಿದ ಹೆಂಗಸರ ತಟ್ಟೆಯಲ್ಲಿ ಏನಿತ್ತು ಎಂಬುದೂ ಇತಿಹಾಸವೇ ಅಲ್ಲವೇ?

ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ 1928 ರಲ್ಲಿ ಬೊಂಬಾಯಿಗೆ ಬಂದರು. ಅವರು 1888 ರಲ್ಲಿ ಹುಟ್ಟಿದವರು. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ ಓದಿ, ಆಮೇಲೆ ಲಂಡನ್ನಿನಲ್ಲಿ ವೈದ್ಯರಾದವರು. ಗಿರಣಿ ಕಾರ್ಮಿಕ ಹೆಂಗಸರಲ್ಲಿ ಬಸುರಿನ ಕಾಲದಲ್ಲಿ ಒಂದು ಬಗೆಯ ತೀವ್ರ ರಕ್ತಹೀನತೆ ಕಾಣಿಸಿಕೊಂಡು, ಎಷ್ಟೋ ತಾಯಂದಿರು ಸಾಯುತ್ತಿದ್ದರು. ಅದಕ್ಕೆ ಕಾರಣ ಹುಡುಕುವುದು ಅವರ ಕೆಲಸ. ಪರೇಲ್‌ನ ಹಾಫ್‌ಕಿನ್ ಸಂಸ್ಥೆಯಲ್ಲಿ ಅವರ ಪ್ರಯೋಗಗಳು ನಡೆದವು.

ಸಾಮಾನ್ಯವಾಗಿ ಕಬ್ಬಿಣದ ಅಂಶ ಕಡಿಮೆಯಾದರೆ ಕೆಂಪು ರಕ್ತಕಣಗಳು ಚಿಕ್ಕದಾಗುತ್ತವೆ. ಈ ಹೆಂಗಸರ ರಕ್ತಕಣಗಳು ಮಾತ್ರ ಇರಬೇಕಾದುದಕ್ಕಿಂತ ದೊಡ್ಡದಾಗಿದ್ದವು. ಅಂದರೆ ಇದು ಬೇರೆ ಯಾವುದೋ ಕೊರತೆ. ಇದು ಸೋಂಕು ರೋಗವಿರಬಹುದೇ ಎಂದೂ ಲೂಸಿ ವಿಲ್ಸ್ ನೋಡಿದರು. ಬಳಿಕ ಬೇರೆ ಬೇರೆ ವರ್ಗದ ಹೆಂಗಸರ ಊಟವನ್ನು ಹೋಲಿಸಿದರು. ಹಣ್ಣು ತರಕಾರಿ ಅಪರೂಪವಾಗಿದ್ದ ಬಡವರ ಮನೆಗಳಲ್ಲಿ, ಅದರಲ್ಲೂ ಬಡ ಮುಸ್ಲಿಂ ಕುಟುಂಬಗಳ ಹೆಂಗಸರಲ್ಲಿ ಈ ಕಾಯಿಲೆ ಹೆಚ್ಚು ಎಂದು ತಿಳಿಯಿತು. ರೋಗದ ಬೇರು ಅವರ ತಟ್ಟೆಯಲ್ಲೇ ಇತ್ತು.

ಮೊದಲು ಇಲಿಗಳಿಗೆ, ಆಮೇಲೆ ಮಂಗಗಳಿಗೆ ಅಂಥದೇ ಊಟ ಕೊಟ್ಟು ನೋಡಿದರು. ಅವೂ ಬಿಳಿಚಿಕೊಂಡವು. ಆಗ ಮಂಗಗಳಿಗೆ ಮಾರ್ಮೈಟ್ ತಿನ್ನಿಸಿದರು. ಬಿಯರ್ ತಯಾರಿಸಿದ ಮೇಲೆ ಉಳಿಯುವ ಯೀಸ್ಟಿನಿಂದ ಮಾಡುವ ಕಪ್ಪು ಬಣ್ಣದ ಅಗ್ಗದ ಪದಾರ್ಥ ಅದು. ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಾರೆ. ಮಂಗಗಳು ಚೇತರಿಸಿಕೊಂಡವು. ಅದನ್ನೇ ಕೊಟ್ಟಾಗ ಹೆಂಗಸರೂ ಚೇತರಿಸಿಕೊಂಡರು. 1931 ರಲ್ಲಿ ಈ ಸಂಗತಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೀಸ್ಟಿನಲ್ಲಿದ್ದ, ಆಗಿನ್ನೂ ಹೆಸರಿಲ್ಲದ ಆ ಅಂಶವನ್ನು "ವಿಲ್ಸ್ ಅಂಶ" ಎಂದು ಕರೆದರು.

ಹತ್ತು ವರ್ಷದ ನಂತರ, 1941 ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ ವಿಜ್ಞಾನಿಗಳು ರಾಶಿ ರಾಶಿ ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ "ಫೋಲಿಯಂ" ಎಂದರೆ ಎಲೆ. ಆದ್ದರಿಂದ ಅದಕ್ಕೆ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ಬೊಂಬಾಯಿಯ ಹೆಂಗಸರಿಗೆ ಕೊರತೆಯಾಗಿದ್ದುದು ಇದೇ. 1945 ರ ಹೊತ್ತಿಗೆ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಭೀಮಾವರಂನಲ್ಲಿ ಹುಟ್ಟಿದ ನಮ್ಮ ತೆಲುಗಿನ ವಿಜ್ಞಾನಿ ಯೆಲ್ಲಾಪ್ರಗಡ ಸುಬ್ಬರಾವ್. ಬಸುರಾಗುವ ಮೊದಲಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ಎಷ್ಟೋ ದೋಷಗಳನ್ನು ತಡೆಯಬಹುದು ಎಂಬುದು 1991 ರಲ್ಲಿ ಖಚಿತವಾಯಿತು. ಮಗಳ ಮದುವೆ ಮಾಡಿದ ತಾಯಂದಿರು ಈ ಮಾತನ್ನು ಮರೆಯಬಾರದು. ಬಸುರಿ ಎಂದು ತಿಳಿಯುವ ಹೊತ್ತಿಗೆ ಮಗುವಿನ ಬೆನ್ನುಹುರಿ ರೂಪುಗೊಂಡು ಮುಗಿದಿರುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ಸ್ಥಿತಿ ಹೇಗಿದೆ ನೋಡಿ. 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಶೇಕಡಾ 47.8. ಹಿಂದಿನ ಸಮೀಕ್ಷೆಯಲ್ಲಿ ನಮ್ಮದು 44.8 ಇತ್ತು. ಅಂದರೆ ಕಡಿಮೆಯಾಗುವ ಬದಲು ಹೆಚ್ಚಾಗಿದೆ.

ನಮ್ಮ ಶಾಲೆಯಲ್ಲಿ ವಾರಕ್ಕೊಮ್ಮೆ ಬಿಸಿಯೂಟವಾದ ಮೇಲೆ ಹುಡುಗಿಯರಿಗೆ ನೀಲಿ ಮಾತ್ರೆ ಕೊಡುತ್ತೇವೆ. ಅದರಲ್ಲಿ ಕಬ್ಬಿಣವೂ ಇದೆ, ಲೂಸಿ ವಿಲ್ಸ್ ಹುಡುಕಿದ ಫೋಲಿಕ್ ಆಮ್ಲವೂ ಇದೆ. ಹೊಟ್ಟೆ ತೊಳಸುತ್ತದೆ ಎಂದು ಕೆಲವರು ಮುಷ್ಟಿಯಲ್ಲಿ ಬಚ್ಚಿಟ್ಟು, ಕಿಟಕಿಯಾಚೆ ಎಸೆದುಬಿಡುತ್ತಾರೆ. ಬೈದರೆ ಪ್ರಯೋಜನವಿಲ್ಲ. ನಾನು ಈ ಗಿರಣಿ ಹೆಂಗಸರ ಕಥೆ ಹೇಳುತ್ತೇನೆ. ಒಮ್ಮೆ ಒಬ್ಬ ಹುಡುಗಿ, "ಮಿಸ್, ಆ ಹೆಂಗಸರ ಹೆಸರೇನು?" ಎಂದು ಕೇಳಿದಳು. ವಿಜ್ಞಾನಿಗಳ ಹೆಸರು ಪುಸ್ತಕದಲ್ಲಿ ಉಳಿದಿದೆ, ರಕ್ತ ಕೊಟ್ಟವರದು ಉಳಿದಿಲ್ಲ ಎಂದೆ. ತರಗತಿ ಸುಮ್ಮನಾಯಿತು.

ಮಾತ್ರೆಯೊಂದೇ ಸಾಲದು, ಊಟವೂ ಬೇಕು. ನಮ್ಮ ಬಸ್ಸಾರನ್ನೇ ತೆಗೆದುಕೊಳ್ಳಿ. ದಂಟಿನ ಸೊಪ್ಪು, ಅಲಸಂದೆ ಅಥವಾ ಹೆಸರುಕಾಳು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುತ್ತೇವೆ, ಉಳಿದದ್ದು ಪಲ್ಯ. ಫೋಲಿಕ್ ಆಮ್ಲದಂಥ ಅಂಶಗಳು ನೀರಿಗೆ ಇಳಿಯುತ್ತವೆ. ಆ ನೀರು ಚೆಲ್ಲಿದರೆ ಸಾರವೂ ಹೋಯಿತು. ಬಹಳ ಹೊತ್ತು ಕುದಿಸಿದರೂ ಸಾರ ಕಡಿಮೆಯಾಗುತ್ತದೆ. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಿರಿ, ಹದವಾಗಿ ಬೇಯಿಸಿ. ಸೊಪ್ಪು ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತಬೇಕಾದರೆ ಜೊತೆಗೆ ನಿಂಬೆಹಣ್ಣೋ ನೆಲ್ಲಿಕಾಯಿಯೋ ಇರಲಿ. ಊಟವಾದ ಕೂಡಲೇ ಕಾಫಿ, ಟೀ ಬೇಡ. ಸುಸ್ತು, ಏದುಸಿರು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಕೊರತೆ ಕಬ್ಬಿಣದ್ದೋ, ಫೋಲಿಕ್ ಆಮ್ಲದ್ದೋ, ಬಿ-12 ರದ್ದೋ ಎಂದು ವೈದ್ಯರೇ ಹೇಳಬೇಕು.

ಇದೆಲ್ಲ ಗೊತ್ತಿದ್ದೂ ಒಂದು ವಿಷಯ ಉಳಿಯುತ್ತದೆ. ಪಲ್ಯ ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ. ಬಾಣಲೆಯ ತಳದಲ್ಲಿ ಉಳಿದದ್ದು ಮಾಡಿದವಳಿಗೆ. ಎಷ್ಟೋ ದಿನ ಅನ್ನ, ಮಜ್ಜಿಗೆ, ಉಪ್ಪಿನಕಾಯಿಯಲ್ಲಿ ಅವಳ ಊಟ ಮುಗಿಯುತ್ತದೆ. ಬೊಂಬಾಯಿಯ ಹೆಂಗಸರಿಗೆ ಸೊಪ್ಪು ತರಕಾರಿ ಕೊಳ್ಳಲು ಕಾಸಿರಲಿಲ್ಲ. ನಮ್ಮಲ್ಲಿ ಅನೇಕರ ಮನೆಯಲ್ಲಿ ಸೊಪ್ಪಿದೆ. ನಮ್ಮ ಸರದಿ ಬರುವಷ್ಟರಲ್ಲಿ ಮುಗಿದಿರುತ್ತದೆ. ನಾಳೆ ಬಡಿಸುವಾಗ ನಿಮ್ಮ ಪಾಲಿನ ಪಲ್ಯವನ್ನು ಮೊದಲೇ ಒಂದು ಬಟ್ಟಲಲ್ಲಿ ಎತ್ತಿಡಿ. ಮನೆಯಲ್ಲಿ ಯಾರಾದರೂ ಕೇಳಿದರೆ, ಇದು ನನ್ನ ಪಾಲು ಎಂದು ಹೇಳಿ.