ಅಡಿಕೆ ತೋಟಕ್ಕೆ ರೋಗ, ಪುಡಿ ಡಬ್ಬಿಯೊಳಗ ಔಷಧಿ: ರೀಶಿ ಅಣಬೆಯ ಹಿಂದಿನ ಕಥಿ



ಹುನಗುಂದ, ಇಳಕಲ್ ಕಡೆಯ ಕೆಲವು ಹುಡುಗರು "ರೀಶಿ ಅಣಬಿ ಬೆಳೀಬೇಕಂತ ಮಾಡೀವ್ರಿ, ಹೆಂಗ?" ಅಂತ ಕೇಳ್ಯಾರ. ಬಾದಾಮಿ ಕಡೆಯಿಂದ ಇನ್ನೊಂದು ಪ್ರಶ್ನೆ: "ಅದರ ಪುಡಿ ತಗೊಂಡ್ರ ಸಕ್ಕರಿ ಕಾಯಿಲೆ ಗುಳಿಗಿ ಬಿಡಬಹುದೇನ್ರಿ?" ಎರಡಕ್ಕೂ ಉತ್ತರ ಈ ಅಣಬೆಯ ಇತಿಹಾಸದೊಳಗೇ ಐತಿ. ಅದಕ್ಕ ಇವತ್ತು ಸ್ವಲ್ಪ ಉದ್ದ ಬರೀತೀನಿ, ಸಮಾಧಾನದಿಂದ ಓದ್ರಿ.

ಇದರ ಜಾತಿಯವನ್ನ ನೀವು ನೋಡಿರಬಹುದು. ಮಳಿಗಾಲದಾಗ ಹಳೇ ಜಾಲಿ, ಬೇವು, ಹೊಂಗೆ ಮರದ ಬುಡಕ್ಕ ಅರಗು ಬಳದಂಗ ಮಿಂಚುವ, ಕೆಂಪು-ಕಂದು ಬಣ್ಣದ, ಕಟ್ಟಿಗೆಯಂಗ ಗಟ್ಟಿ ಅಣಬೆ ಏಳ್ತದಲ್ಲ, ಅದೇ ಕುಲ. ಪಲ್ಯ ಮಾಡಿ ತಿನ್ನೋದಲ್ಲ, ಬಾಯಿಗೆ ಕಹಿ. 1781ರಲ್ಲಿ ಇಂಗ್ಲೆಂಡಿನ ವಿಲಿಯಂ ಕರ್ಟಿಸ್ ಇದಕ್ಕೆ 'ಲೂಸಿಡಸ್', ಅಂದರೆ ಹೊಳೆಯುವುದು, ಎಂದು ಹೆಸರಿಟ್ಟರು. 1881ರಲ್ಲಿ ಫಿನ್ಲೆಂಡಿನ ಕಾರ್ಸ್ಟೆನ್ ಅದನ್ನು 'ಗ್ಯಾನೊಡರ್ಮ' ಎಂಬ ಕುಲಕ್ಕೆ ಸೇರಿಸಿದರು.

ನಮ್ಮ ಕರ್ನಾಟಕಕ್ಕೆ ಇದು ಮೊದಲು ಗೊತ್ತಾದದ್ದು ಔಷಧಿ ಅಂತ ಅಲ್ಲ, ವೈರಿ ಅಂತ. ಮಲೆನಾಡು, ಬಯಲುಸೀಮೆಯ ಅಡಿಕೆ ಬೆಳೆಗಾರರನ್ನು ಕೇಳಿ ನೋಡ್ರಿ, 'ಅಣಬೆ ರೋಗ' ಅಂದ್ರ ಅವರಿಗೆ ನಿದ್ದಿ ಬರೂದಿಲ್ಲ. ಗರಿ ಹಳದಿಯಾಗಿ ಜೋತು ಬೀಳ್ತಾವು, ಬುಡದಿಂದ ಕಂದು ರಸ ಸೋರ್ತದ, ಕಡೀಕ ಬುಡಕ್ಕ ಅಣಬೆ ಏಳ್ತದ. ಅಣಬೆ ಕಣ್ಣಿಗೆ ಬೀಳೋ ಹೊತ್ತಿಗೆ ಬೇರು ಒಳಗ ಕೊಳತು ಹೋಗಿರ್ತದ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಎಸ್. ವಿ. ವೆಂಕಟರಾಯನ್ ಅವರು ಅಡಿಕೆ, ತೆಂಗಿನ ಮೇಲೆ ಬರುವ ಈ ಗ್ಯಾನೊಡರ್ಮದ ಜೀವನಕ್ರಮವನ್ನು ಅಭ್ಯಾಸ ಮಾಡಿ 1936ರಲ್ಲಿ ಅಮೆರಿಕದ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ತಮಿಳುನಾಡಿನ ತೆಂಗಿಗೆ ಬರುವ 'ತಂಜಾವೂರು ಸೊರಗು ರೋಗ'ವೂ ಇದೇ ಕುಲದ್ದು. ಸತ್ತ ಮರ ಬುಡಸಹಿತ ತೆಗೀರಿ, ಸುತ್ತ ಕಾಲುವೆ ಹೊಡೀರಿ, ಮರಕ್ಕೆ ಎರಡು ಕಿಲೋ ಬೇವಿನ ಹಿಂಡಿ ಹಾಕ್ರಿ ಅಂತ ಇವತ್ತಿಗೂ ಹೇಳ್ತಾರ.

ಚೀನಾದೊಳಗ ಕಥಿ ಪೂರಾ ಬ್ಯಾರೆ. ಅಲ್ಲಿ ಇದು 'ಲಿಂಗ್‌ಝಿ', ಜಪಾನಿನಲ್ಲಿ 'ರೀಶಿ'. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಅವರ ಗಿಡಮೂಲಿಕೆ ಗ್ರಂಥದಲ್ಲೇ ಬಣ್ಣದ ಮೇಲೆ ಇದರ ಆರು ಬಗೆ ಹೇಳ್ಯಾರ. 1596ರಲ್ಲಿ ಅಚ್ಚಾದ ಲಿ ಶಿಝೆನ್ ಅವರ ದೊಡ್ಡ ಗ್ರಂಥದಲ್ಲೂ ಐತಿ. ಕಾಡಿನಲ್ಲಿ ಅಪರೂಪಕ್ಕೆ ಸಿಗೋದು, ಹಿಂಗಾಗಿ ಅರಸರ ಮನೆಯ ವಸ್ತು ಆಗಿತ್ತು. 1960ರ ದಶಕದ ಕೊನೆಗೆ ಚೀನಾದವರು, 1970ರ ದಶಕದ ಶುರುವಿಗೆ ಜಪಾನಿನವರು ಇದನ್ನು ಕೃತಕವಾಗಿ ಬೆಳೆಯುವುದನ್ನು ಸಾಧಿಸಿದರು. 1982ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಕಹಿಗೆ ಕಾರಣವಾದ ಗ್ಯಾನೊಡರಿಕ್ ಆಮ್ಲಗಳನ್ನು ಬೇರ್ಪಡಿಸಿದರು. ಅರಸರ ವಸ್ತು ಡಬ್ಬಿಯ ವಸ್ತು ಆದದ್ದು ಹಿಂಗ.

ನಮ್ಮ ದೇಶದೊಳಗ ಹಿಮಾಚಲದ ಸೋಲನ್‌ನ ಅಣಬೆ ಸಂಶೋಧನಾ ಕೇಂದ್ರ ಮರದ ಹೊಟ್ಟಿನ ಮೇಲೆ ಬೆಳೆಯುವ ಪದ್ಧತಿ ರೂಢಿಸಿತು. ಬೆಂಗಳೂರು ಹತ್ತಿರದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಎಸ್. ವೀಣಾ ಮತ್ತು ಮೀರಾ ಪಾಂಡೆ ಅವರು ಭತ್ತದ ಹುಲ್ಲಿನ ಮೇಲೆ ರೀಶಿ ಬೆಳೆದು ನೋಡಿ 2011ರಲ್ಲಿ ವರದಿ ಪ್ರಕಟಿಸಿದರು. ಲೆಕ್ಕ ಹಾಕ್ರಿ: 1936ರಲ್ಲಿ ವೈರಿ ಅಂತ ಬರೆದ ಕರ್ನಾಟಕವೇ 75 ವರ್ಷದ ಮೇಲೆ ಬೆಳೆ ಅಂತ ಬರೀತು. ನಮಗೂ ಇದು ಸಂಬಂಧದ ಮಾತು, ಯಾಕಂದ್ರ ಗಂಗಾವತಿ, ಸಿಂಧನೂರಿನ ಭತ್ತದ ಹುಲ್ಲು ಹುನಗುಂದಕ್ಕ ದೂರಲ್ಲ.

ಬೆಳೆಯುವ ಕ್ರಮ ಇಷ್ಟು. ಹೊಟ್ಟಿಗೆ ಐದನೇ ಒಂದು ಪಾಲಿನಷ್ಟು ಗೋಧಿ ತೌಡು ಕೂಡಿಸಿ, ಹದವಾಗಿ ನೀರುಣಿಸಿ, ಶಾಖ ತಡೆಯುವ ಚೀಲದಾಗ ತುಂಬಿ, ಹಬೆಯ ಒತ್ತಡದಾಗ ಬೇಯಿಸಬೇಕು. ಆರಿದ ಮೇಲೆ ಅಣಬೆ ಬೀಜ ಹಾಕಿ 28ರಿಂದ 35 ಡಿಗ್ರಿಯೊಳಗ ಕತ್ತಲ ಕೋಣೆಯಲ್ಲಿಡಬೇಕು. ಬಿಳಿ ಬೂಸು ಚೀಲ ತುಂಬಿದ ಮೇಲೆ ಬೆಳಕು, ಗಾಳಿಯ ತೇವ 90ರ ಆಸುಪಾಸು ಬೇಕು. ಗಾಳಿ ಆಡದಿದ್ರ ಜಿಂಕೆ ಕೊಂಬಿನಂಗ ಬರೇ ಉದ್ದ ಕಾಂಡ ಬರ್ತದ, ಗಾಳಿ ಬಿಟ್ಟರ ಕೊಡೆ ಅಗಲ ಆಗ್ತದ. ಕೊಡೆಯ ಬಿಳಿ ಅಂಚು ಪೂರಾ ಕೆಂಪಾದಾಗ ಕೊಯ್ಲು. ಎಲ್ಲಾ ಸೇರಿ ಮೂರ್ನಾಲ್ಕು ತಿಂಗಳು. ನಮ್ಮ ಬಿಸಿಲು ಇದಕ್ಕ ಅಷ್ಟು ಅಡ್ಡಿ ಅಲ್ಲ, ನಮ್ಮ ಒಣಗಾಳಿ ಅಡ್ಡಿ. ಬ್ಯಾಸಿಗಿಯೊಳಗ ಆ ತೇವ ಹಿಡಿದಿಡಾಕ ನೀರು, ಕರೆಂಟು ಎರಡೂ ಬೇಕು.

ಇನ್ನು ಔಷಧಿಯ ಮಾತು. ಜಗತ್ತಿನ ಪ್ರಯೋಗಗಳನ್ನು ಕೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆ ಐತಿ. ಕ್ಯಾನ್ಸರ್ ವಿಷಯದಲ್ಲಿ 5 ಪ್ರಯೋಗ, 373 ರೋಗಿಗಳನ್ನು ನೋಡಿ 2012ರಲ್ಲಿ ಅವರು ಹೇಳಿದ್ದು: ಮುಖ್ಯ ಚಿಕಿತ್ಸೆಯಾಗಿ ಇದನ್ನು ಕೊಡಲು ಸಾಕಷ್ಟು ಪುರಾವೆ ಇಲ್ಲ, ನಡೆಯುತ್ತಿರುವ ಚಿಕಿತ್ಸೆಯ ಜೊತೆಗೆ ಪೂರಕವಾಗಿ ಕೊಡುವುದನ್ನು ಬೇಕಾದರೆ ಯೋಚಿಸಬಹುದು. 2015ರಲ್ಲಿ 398 ಮಂದಿಯ ಮೇಲಿನ 5 ಪ್ರಯೋಗ ನೋಡಿ, ಸಕ್ಕರೆ ಕಾಯಿಲೆಗೆ ಇದನ್ನು ಬಳಸುವುದಕ್ಕೆ ಆಧಾರ ಸಿಗಲಿಲ್ಲ ಎಂದರು. ಬಾದಾಮಿಯ ತಮ್ಮನಿಗೆ ಉತ್ತರ ಇದೇ: ಗುಳಿಗಿ ಬಿಡಬ್ಯಾಡಪ್ಪ. ರಕ್ತ ತೆಳು ಮಾಡುವ ಗುಳಿಗಿ ತಗೊಳ್ಳೋರಂತೂ ಡಾಕ್ಟರನ್ನ ಕೇಳದೆ ಈ ಪುಡಿ ಮುಟ್ಟಲೇಬಾರದು.

2012ರಲ್ಲೇ ಇನ್ನೊಂದು ಆತು. ಚೀನಾದಲ್ಲಿ ಬೆಳೆಯುವುದು ಕರ್ಟಿಸ್ ಹೆಸರಿಟ್ಟ ಜಾತಿಯೇ ಅಲ್ಲ ಅಂತ ಅಲ್ಲಿನ ವಿಜ್ಞಾನಿಗಳು 'ಗ್ಯಾನೊಡರ್ಮ ಲಿಂಗ್‌ಝಿ' ಎಂದು ಬ್ಯಾರೆ ಹೆಸರು ಕೊಟ್ಟರು. ಅಂದ್ರ ಜಾಲಿ ಬುಡದ ಅಣಬೆ ಕಿತ್ತು ಕಷಾಯ ಮಾಡಿ ಕುಡಿಯೋದು ಶಾಣ್ಯಾತನ ಅಲ್ಲ. ಮಿಂಚೋದೆಲ್ಲ ಒಂದೇ ಜಾತಿ ಅಲ್ಲ.

ಬೆಳೀಬೇಕು ಅನ್ನೋ ಹುಡುಗರಿಗೆ ನನ್ನ ಮಾತು ಮೂರು. ಚೀಲ, ಬೀಜ ಮಾರಿ "ನಾವೇ ವಾಪಸ್ ಕೊಳ್ತೀವಿ" ಅನ್ನೋರು ಬಂದ್ರ, ದರ, ಅವಧಿ ಬರವಣಿಗೆಯಲ್ಲಿ ಕೇಳ್ರಿ, ಅವರಿಗೆ ಹಿಂದೆ ಮಾಲು ಕೊಟ್ಟ ರೈತರನ್ನ ಕಂಡು ಬರ್ರಿ. ಇದು ತರಕಾರಿ ಸಂತ್ಯಾಗ ಮಾರೋ ಮಾಲಲ್ಲ, ಕೊಳ್ಳೋರು ಕೈ ಬಿಟ್ರ ಮನಿಯವರು ತಿನ್ನಾಕೂ ಬರೂದಿಲ್ಲ. ಎರಡನೇದು, ಮೊದಲು ಹತ್ತಿಪ್ಪತ್ತು ಚೀಲ ಮಾಡಿ ನೋಡ್ರಿ, ಸಾಲ ತಗದು ಶೆಡ್ ಕಟ್ಟಬ್ಯಾಡ್ರಿ. ಬಾಗಲಕೋಟೆಯೊಳಗ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಐತಿ, ಹೋಗಿ ಕೇಳಾಕ ನಾಚಿಕಿ ಬ್ಯಾಡ. ಮೂರನೇದು, ಬೆಳೆ ಮುಗಿದ ಚೀಲದ ಹೊಟ್ಟು ತೆಂಗು, ಅಡಿಕೆ, ಹಣ್ಣಿನ ಗಿಡದ ಬುಡಕ್ಕ ಸುರೀಬ್ಯಾಡ್ರಿ. ಬೂಸು ಜೀವಂತ ಇರಬಹುದು. ಅಣಬೆ ರೋಗದಿಂದ ತೋಟ ಕಳಕೊಂಡವರ ಕಷ್ಟ ನಮ್ಮ ಕೈಯಾರೆ ತರೋದು ಬ್ಯಾಡ.